ಇದು ಯಾವ ಹೂಂ?

ಹೆಣ್ಣು ನೋಡಲು ಬಂದವನು ಹಾಡು ಬರುತ್ತಾ ಎಂದು ಕೇಳಬಹುದು. ಅಡುಗೆ ಬರುತ್ತಾ ಎಂದು ಕೇಳಬಹುದು. ತೀರಾ ಮೊಂಡನಾದರೆ ಸಂಬಳ ಎಷ್ಟು ಎಂದೂ ಕೇಳಬಹುದು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದವನನ್ನು ಮಾತ್ರ ಕೌಸಲ್ಯಾ ಇದೇ ಮೊದಲು ನೋಡಿದ್ದು.

"ಏನಂದ್ರಿ?"

"ನೂರರಿಂದ ಏಳು ಕಳೀರಿ. ಬಂದಿದ್ದರಿಂದ ಮತ್ತೆ ಏಳು. ಸಾಕು ಅನ್ನೋವರೆಗೂ ಹಂಗೇ ಹೋಗ್ತಿರಿ," ಎಂದ ಅವನು, ತೊಡೆಯ ಮೇಲಿನ ಚೀಲದಿಂದ ಕಾಗದದ ಕಂತೆ ತೆಗೆಯುತ್ತ. ಎಣ್ಣೆ ಹಚ್ಚಿ ಬಾಚಿದ್ದ ಅವನ ಕೂದಲು ಹಿಂದುಗಡೆ ಮಾತ್ರ ಮಾತು ಕೇಳದೆ ಎದ್ದು ನಿಂತಿತ್ತು. ಕೌಸಲ್ಯಾಳ ಕಣ್ಣು ಪದೇ ಪದೇ ಅಲ್ಲಿಗೇ ಹೋಗುತ್ತಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ತಪ್ಪೆಲ್ಲ ಸೋದರಮಾವ ಸೇತುರಾಮನದು. ಹಿಂದಿನ ದಿನ ಗಂಗಾನಗರದಿಂದ ಯಲಹಂಕಕ್ಕೆ ಬಂದಿದ್ದವನು ಚಪ್ಪಲಿ ಮೆಟ್ಟಿಕೊಳ್ಳುತ್ತ, "ನಾಳೆ ಒಬ್ಬ ಹುಡುಗ ಬರ್ತಾನೆ ಕಣಮ್ಮ, ಓದಿದೋನು, ಸ್ವಲ್ಪ ನಗ್ತಾ ಮಾತಾಡ್ಸು," ಎಂದಷ್ಟೇ ಹೇಳಿ ಬಸ್ಸಿಗೆ ಓಡಿದ್ದ. ಅಕ್ಕ ತೀರಿಕೊಂಡಾಗಿನಿಂದ ಅಕ್ಕನ ಮಗಳ ಮದುವೆಯ ಭಾರವನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡ ಮನುಷ್ಯ. ಅವನ ಬಾಯಲ್ಲಿ ಹುಡುಗ ಎಂದರೆ ಗಂಡು ಎಂದೇ ಅರ್ಥ.

"ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು," ಎಂದು ಕೌಸಲ್ಯಾ ಒಂದೇ ಉಸಿರಿಗೆ ಹೇಳಿದಳು. ಯಲಹಂಕದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳಿಗೆ ನಂಬರ್ ಎಂದರೆ ಹೆದರಿಕೆಯೇ?

"ಬಹಳ ಚೆನ್ನಾಗಿದೆ. ಇತ್ತೀಚೆಗೆ ಸುಮ್ಮಸುಮ್ಮನೆ ಅಳು ಬರುತ್ತಾ?"

"ಇಲ್ಲ."

"ಜೀವನದಲ್ಲಿ ಆಸಕ್ತಿ ಇದೆಯಾ?"

"ನೀವು ಬರೋವರೆಗೂ ಇತ್ತು."

ಅವನು ಅದನ್ನೂ ಬರೆದುಕೊಂಡ. ಅಷ್ಟಕ್ಕೆ ಅವಳ ಸಹನೆ ಮುಗಿಯಿತು.

"ನೋಡಿ, ನನಗೆ ಇದು ಒಪ್ಪಿಗೆ ಇಲ್ಲ."

"ನಿಮ್ಮ ಮಾವ ಸೈನ್ ಹಾಕಿ ಒಪ್ಪಿಗೆ ಕೊಟ್ಟಿದ್ದಾರಲ್ಲ?" ಎಂದು ಅವನು ಗಾಬರಿಯಾದ. "ಹೆಚ್ಚು ತೊಂದರೆ ಕೊಡಲ್ಲ. ತಿಂಗಳಿಗೆ ಒಂದು ಸಲ ಬರ್ತೀನಿ. ಒಂದೇ ವರ್ಷ. ಆಮೇಲೆ ಈ ಕಡೆ ತಲೇನೂ ಹಾಕಲ್ಲ."

ಕೌಸಲ್ಯಾ ಎದ್ದು ನಿಂತಳು. "ತಿಂಗಳಿಗೆ ಒಂದು ಸಲಾನಾ? ಒಂದೇ ವರ್ಷಾನಾ? ಏನ್ರೀ ಅಂದ್ಕೊಂಡಿದೀರಾ ನನ್ನ?"

ಅವನು ಕಾಗದ ನೋಡಿದ, ಅವಳನ್ನು ನೋಡಿದ, ಮತ್ತೆ ಕಾಗದ ನೋಡಿದ. "ಸ್ಟ್ರೋಕ್ ಆಗಿರೋದು ನಿಮ್ಮ ತಂದೆಯವರಿಗೆ ತಾನೇ?"

ಕೌಸಲ್ಯಾಗೆ ನೆಲ ಬಾಯಿಬಿಟ್ಟರೆ ಸಾಕು ಎನಿಸಿತು. ನೆಲ ಬಾಯಿಬಿಡಲಿಲ್ಲ. ಅವಳು ಕಾಫಿ ಮಾಡುವ ನೆವದಲ್ಲಿ ಅಡುಗೆಮನೆಗೆ ಹೋಗಿ, ಉರಿಯುತ್ತಿದ್ದ ಮುಖಕ್ಕೆ ತಣ್ಣೀರು ಹಾಕಿಕೊಂಡು, ಮಾವನನ್ನು ಮನಸಾರೆ ಬೈದಳು.

ಅವನ ಹೆಸರು ತ್ರಿವಿಕ್ರಮ. ಪಟ್ಟಣದ ದೊಡ್ಡಾಸ್ಪತ್ರೆಯೊಂದರಲ್ಲಿ ಮನಶ್ಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ. ಲಕ್ವ ಹೊಡೆದವರ ಕೈಕಾಲು ಎಷ್ಟು ಬಂತು ಎಂದು ಡಾಕ್ಟರುಗಳು ನೋಡುತ್ತಾರೆ. ಮನೆಗೆ ಹೋದ ಮೇಲೆ ಅವರ ನೆನಪು ಹೇಗಿದೆ, ಬುದ್ಧಿ ಎಷ್ಟು ಚುರುಕಾಗಿದೆ, ಮನಸ್ಸು ಕುಗ್ಗಿದೆಯೋ ಚೇತರಿಸಿಕೊಂಡಿದೆಯೋ ಎಂದು ಕೇಳುವವರಿಲ್ಲ. ಅದನ್ನು ಕೇಳುವುದೇ ಅವನ ಕೆಲಸ. ಹೋಲಿಸಿ ನೋಡುವುದಕ್ಕಾಗಿ ಅದೇ ಮನೆಯ ಆರೋಗ್ಯವಂತರಿಗೂ ಅದೇ ಪರೀಕ್ಷೆ. ಇದನ್ನೆಲ್ಲ ಮೊದಲೇ ಹೇಳಬಹುದಿತ್ತಲ್ಲ ಎಂದರೆ, "ನಿಮ್ಮ ಮಾವ ಹೇಳಿರ್ತಾರೆ ಅಂದ್ಕೊಂಡೆ," ಎಂದ.

ಒಳಕೋಣೆಯ ಮಂಚದ ಮೇಲೆ ವೆಂಕಟರಾಮಯ್ಯನವರು ದಿಂಬಿಗೆ ಒರಗಿ ಕುಳಿತಿದ್ದರು. ರೈಲ್ವೆಯಲ್ಲಿ ಗೂಡ್ಸ್ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ಮೂರು ಬೀದಿಗೆ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ. ದೀಪಾವಳಿಯ ಹಿಂದಿನ ವಾರ ಸ್ನಾನದ ಮನೆಯಲ್ಲಿ ಬಿದ್ದವರಿಗೆ ಬಲಗೈ ಬಲಗಾಲು ಹೋಯಿತು, ಜೊತೆಗೆ ಮಾತೂ ಹೋಯಿತು. ಕಾಲು ಕೋಲಿನ ಆಸರೆಯಲ್ಲಿ ನಿಧಾನಕ್ಕೆ ಮರಳಿತು. ಮಾತಿನಲ್ಲಿ ಮರಳಿ ಬಂದದ್ದು ಒಂದೇ ಒಂದು: ಹೂಂ.

ತ್ರಿವಿಕ್ರಮ ಅವರೆದುರು ಕುಳಿತು ಅಚ್ಚುಮಾಡಿಸಿದ ಪ್ರಶ್ನೆಗಳನ್ನು ಓದತೊಡಗಿದ. ಆ ಕನ್ನಡ ಕೇಳಿ ಕೌಸಲ್ಯಾ ಬಾಗಿಲಲ್ಲೇ ಹಲ್ಲು ಕಚ್ಚಿ ನಿಂತಳು.

"ತಮಗೆ ವಿಷಾದ ಉಂಟಾಗುತ್ತದೆಯೆ?"

"ಹೂಂ," ಎಂದರು ವೆಂಕಟರಾಮಯ್ಯ.

"ತಾವು ಕುಟುಂಬಕ್ಕೆ ಹೊರೆಯಾಗಿರುವುದಾಗಿ ಭಾವಿಸುತ್ತೀರಾ?"

"ಹೂಂ."

"ಜೀವನವನ್ನು ಕೊನೆಗಾಣಿಸುವ ಇಚ್ಛೆ..."

"ಹೂಂ."

ಕಾಗದದ ಮೇಲೆ ಪೆನ್ನಿನ ಗೀಟು ಬಿದ್ದದ್ದೇ ತಡ, ಕೌಸಲ್ಯಾ ಒಳಗೆ ನುಗ್ಗಿ ಅವನ ಕೈ ಹಿಡಿದು ನಿಲ್ಲಿಸಿದಳು. "ಏನ್ ಬರ್ಕೊಂಡ್ರಿ?"

"ಹೌದು ಅಂತ. ಮೂರಕ್ಕೂ ಹೌದು ಅಂದಿದ್ದಾರಲ್ಲ. ಇದು ಬಹಳ ಗಂಭೀರ..."

"ಅದು ಹೌದು ಅನ್ನೋ ಹೂಂ ಅಲ್ಲ ಕಣ್ರೀ! ಕೇಳಿಸ್ಕೊಂಡೆ, ಮುಂದಕ್ಕೆ ಹೇಳು ಅನ್ನೋ ಹೂಂ. ಕಥೆ ಕೇಳುವಾಗ ಹೂಂಗುಡಲ್ವಾ, ಆ ಹೂಂ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

ತ್ರಿವಿಕ್ರಮ ಕನ್ನಡಕ ತೆಗೆದು ಒರೆಸಿಕೊಂಡ. "ನನಗೆ ಯಾರೂ ಕಥೆ ಹೇಳಿಲ್ಲ," ಎಂದ. "ಸಣ್ಣವನಿದ್ದಾಗಿನಿಂದ ಹಾಸ್ಟೆಲ್‌ನಲ್ಲೇ ಬೆಳೆದೋನು. ಅಲ್ಲಿ ಬೆಲ್ ಹೊಡೀತಾ ಇದ್ರು, ಮಲಗ್ತಾ ಇದ್ವಿ."

ದೂರುವ ದನಿಯಲ್ಲಿ ಹೇಳಿದ್ದರೆ ಅವಳು ತಿರುಗಿ ಏನಾದರೂ ಅನ್ನುತ್ತಿದ್ದಳು. ವಾರ, ತಾರೀಕು ಹೇಳುವಷ್ಟೇ ಸಾದಾ ದನಿಯಲ್ಲಿ ಹೇಳಿದ. ಅವಳು ಅವನ ಕೈ ಇನ್ನೂ ಹಿಡಿದುಕೊಂಡೇ ಇದ್ದದ್ದು ಆಗ ಗಮನಕ್ಕೆ ಬಂತು. ಬಿಟ್ಟಳು. ಮಂಚದ ಮೇಲಿಂದ ವೆಂಕಟರಾಮಯ್ಯನವರು ಇಬ್ಬರನ್ನೂ ನೋಡಿ, "ಹೂಂ," ಎಂದರು.

ತಿಂಗಳಿಗೊಂದು ಸಲ ಎಂದಿದ್ದವನು ಎರಡು ವಾರಕ್ಕೇ ಬಂದ. ಆಮೇಲೆ ಪ್ರತಿ ಭಾನುವಾರ ಬಂದ. ಹೂಂ ಎಷ್ಟು ಬಗೆ ಎಂದು ತಿಳಿಯದೆ ಹೌದು ಎಂದು ಬರೆಯುವಂತಿಲ್ಲ, ಇಲ್ಲ ಎಂದೂ ಬರೆಯುವಂತಿಲ್ಲ ಎಂಬುದು ಅವನ ಸಮಜಾಯಿಷಿ. ಕೌಸಲ್ಯಾ ಹೇಳಿಕೊಡಬೇಕಾಯಿತು. ಎಳೆದು ಹೇಳಿದರೆ ಕೇಳುತ್ತಿದ್ದೇನೆ ಎಂದು. ಮೊಟಕಾಗಿ ಹೇಳಿದರೆ ಸಾಕು ಮಾಡು ಎಂದು. ಮೂಗಿನಲ್ಲಿ ಹೇಳಿದರೆ ನನಗೆ ಗೊತ್ತಿರುವುದೇ ಎಂದು.

"ಒಪ್ಪಿಗೆಯ ಹೂಂ ಹೇಗಿರುತ್ತೆ?"

"ಅದನ್ನ ಕೇಳಿದ್ರೆ ಗೊತ್ತಾಗುತ್ತೆ. ಹೇಳಿಕೊಡೋಕಾಗಲ್ಲ."

"ಹಾಗಂತ ಥೀಸಿಸ್‌ನಲ್ಲಿ ಬರೆಯೋಕಾಗಲ್ವಲ್ಲ," ಎಂದು ಅವನು ಕೊರಗುತ್ತಿದ್ದ.

ಅವನಿಗೆ ಗೊತ್ತಿಲ್ಲದ ಸಂಗತಿಗಳು ಅಷ್ಟಿಷ್ಟಲ್ಲ. ಅವರೆಕಾಳು ಉಪ್ಪಿಟ್ಟಿನಲ್ಲಿ ಕಾಳನ್ನು ಬದಿಗೆ ಸರಿಸಿ ರವೆ ತಿನ್ನುತ್ತಿದ್ದ. ಯಾಕೆ ಎಂದು ಕೇಳಿದರೆ, ಕಾಳು ಕೊನೆಗೆ ಒಟ್ಟಿಗೆ ತಿನ್ನಲು ಎನ್ನುತ್ತಿದ್ದ. ವೆಂಕಟರಾಮಯ್ಯನವರು ಚಿಕ್ಕಂದಿನಲ್ಲಿ ಅವಳಿಗೆ ಹೇಳುತ್ತಿದ್ದ ಕಥೆ ಯಾವುದು ಎಂದು ಕೇಳಿದಾಗ ಅವಳು ಕೋಗಿಲು ಕೆರೆಯ ಮೊಸಳೆಯ ಕಥೆ ಹೇಳಿದಳು. ಆ ಮೊಸಳೆಗೆ ವಿಪರೀತ ಹಲ್ಲುನೋವು. ಒಬ್ಬಟ್ಟು ಬಿಟ್ಟು ಬೇರೇನೂ ಅಗಿಯಲಾಗದು. ಹಲ್ಲು ಕೀಳಿಸಿಕೊಳ್ಳಲು ರಾಜಾನುಕುಂಟೆಗೆ ಹೊರಡುತ್ತದೆ. ಅಲ್ಲಿಗೆ ತಲುಪುವ ಮೊದಲೇ ಪ್ರತಿ ರಾತ್ರಿಯೂ ಅವಳಿಗೆ ನಿದ್ದೆ ಬಂದುಬಿಡುತ್ತಿತ್ತು.

"ಕೊನೆಗೆ ಹಲ್ಲು ಕಿತ್ತರಾ?"

"ಗೊತ್ತಿಲ್ಲ. ಈಗ ಕೇಳಿದ್ರೆ ಅಪ್ಪ ಹೂಂ ಅಂತಾರೆ." ನಗುತ್ತಲೇ ಹೇಳಿದವಳು ಮುಖ ಆ ಕಡೆ ತಿರುಗಿಸಿಕೊಂಡಳು. ತ್ರಿವಿಕ್ರಮ ತಟ್ಟೆಯ ಅಂಚಿನಲ್ಲಿ ಕೂಡಿಟ್ಟಿದ್ದ ಅವರೆಕಾಳಿನಲ್ಲಿ ಅರ್ಧವನ್ನು ಅವಳ ತಟ್ಟೆಗೆ ಸರಿಸಿದ. ಎಂಜಲು ಎಂದು ಬೈಯಬೇಕಿತ್ತು. ಬೈಯಲಿಲ್ಲ, ತಿಂದಳು.

ಹಾಲು ಹಾಕಲು ಬರುತ್ತಿದ್ದ ಕೋಗಿಲಿನ ಮುನಿಕೃಷ್ಣಮ್ಮ ಇದನ್ನೆಲ್ಲ ಗಮನಿಸುತ್ತಿದ್ದಳು. "ಅಮ್ಮಣ್ಣಿ, ಆ ಡಾಕ್ಟ್ರಪ್ಪ ಇಂಗೆ ವಾರವಾರ ಬತ್ತಾನಲ್ಲ, ನನ್ನ ಮಂಡಿನೋವಿಗೆ ಒಂದು ಮಾತ್ರೆ ಕೊಡಂಗಿಲ್ವಾ?" ಎಂದಳು.

"ಅವರು ಆ ಥರ ಡಾಕ್ಟರ್ ಅಲ್ಲ ಮುನಿಕೃಷ್ಣಮ್ಮ."

"ಮತ್ಯಾ ತರದೋನು? ಮಾತ್ರೆ ಕೊಡಲ್ಲ, ಸೂಜಿ ಚುಚ್ಚಲ್ಲ. ಬತ್ತಾನೆ, ನಿನ್ನ ಮಖ ನೋಡ್ತಾನೆ, ಓಯ್ತಾನೆ."

ಮಂಗಳವಾರಗಳಂದು ಇನ್ನೊಂದು ಕಾಟ ಶುರುವಾಯಿತು. ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ದೀಪ ಹತ್ತುತ್ತಿತ್ತು. "ಯಲಹಂಕ, ನಂಬರ್ ಪ್ಲೀಸ್," ಎಂದರೆ ಆ ಕಡೆಯಿಂದ ಗಂಟಲು ಸರಿಪಡಿಸಿಕೊಳ್ಳುವ ಸದ್ದು.

"ನಂಬರ್ ಏನೂ ಇಲ್ಲ. ನಿಮ್ಮ ತಂದೆಯವರು ಇವತ್ತು ಹೇಗಿದ್ದಾರೆ ಅಂತ..."

"ನಿನ್ನೆ ಮೊನ್ನೆ ತಾನೇ ನೋಡ್ಕೊಂಡು ಹೋದ್ರಲ್ರೀ! ಲೈನ್ ಬಿಡಿ. ಬೇರೆಯವರಿಗೆ ಬೇಕು."

"ಊಟ ಮಾಡಿದ್ರಾ?"

"ಹೂಂ."

"ಇದು ಯಾವ ಹೂಂ?"

ಅವಳು ಪ್ಲಗ್ ಕಿತ್ತುಬಿಟ್ಟಳು. ಪಕ್ಕದ ಸೀಟಿನವಳು ಯಾರದು ಎಂದರೆ, "ರಾಂಗ್ ನಂಬರ್," ಎಂದಳು. ಅಂದು ಸಂಜೆಯವರೆಗೂ ಮುಖದ ಮೇಲಿನ ನಗು ಹೋಗಲಿಲ್ಲ. ತನಗೆ ಅವನು ಬೇಕು ಎಂಬುದು ಅವಳಿಗೆ ಅಂದೇ ಖಚಿತವಾಗಿ ತಿಳಿಯಿತು. ಇಂಥ ಪೆದ್ದನೇ ಬೇಕಾಗಬೇಕೆ ಎಂದು ತನ್ನ ಮೇಲೇ ಬೇಸರವೂ ಆಯಿತು.

ಮೇ ತಿಂಗಳಲ್ಲಿ ಸೇತುರಾಮ ಹೂವು, ಹಣ್ಣು, ದೊಡ್ಡ ನಗು ಎಲ್ಲವನ್ನೂ ಹೊತ್ತು ಬಂದ.

"ಕೌಸು, ಗಂಡು ಗೊತ್ತಾಯ್ತು ಕಣೇ! ದೊಡ್ಡಬಳ್ಳಾಪುರದವರು. ಸೀರೆ ಅಂಗಡಿ, ಒಬ್ಬನೇ ಮಗ. ಗುರುವಾರ ತಾಂಬೂಲ ಬದಲಾಯಿಸ್ಕೊಳ್ಳೋಕೆ ಬರ್ತಾರೆ."

"ಯಾರನ್ನ ಕೇಳಿ ಮಾತು ಕೊಟ್ರಿ ಮಾವ?"

"ನಿಮ್ಮಪ್ಪನ್ನ ಕೇಳ್ದೆ! ಹೋದ ವಾರ ನೀನು ಡ್ಯೂಟಿಗೆ ಹೋಗಿದ್ದಾಗ ಬಂದು, ಭಾವನ ಮುಂದೆ ಕೂತು ಎಲ್ಲಾ ವಿವರವಾಗಿ ಹೇಳ್ದೆ. ನೀನು ಕೆಲಸ ಬಿಡಬೇಕು ಅಂತಾರೆ ಅಂದೆ, ಹೂಂ ಅಂದ್ರು. ಭಾವನ್ನ ನಮ್ಮನೇಲಿ ಇಟ್ಕೋತೀನಿ ಅಂದೆ, ಹೂಂ ಅಂದ್ರು. ಒಂದೊಂದಕ್ಕೂ ಹೂಂ ಅಂದ್ರಮ್ಮ, ದೇವರಾಣೆಗೂ."

ಕೌಸಲ್ಯಾ ತಲೆ ಹಿಡಿದುಕೊಂಡು ಕುಳಿತಳು. ಮಾವ ಕೆಟ್ಟವನಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಅವನು ನಿಜವಾಗಿಯೂ ಒಳ್ಳೆಯವನು, ಅದೇ ತೊಂದರೆ. ಮನೆಯ ಹಿರಿಯರು ಕೊಟ್ಟ ಮಾತು ಎಂದು ಗಂಟು ಹಾಕಿಕೊಂಡಿದ್ದ. ಅದು ಕಥೆ ಕೇಳುವ ಹೂಂ ಎಂದರೆ, "ಹುಚ್ಚುಹುಚ್ಚಾಗಿ ಆಡಬೇಡ," ಎಂದ. ಕೆಲಸ ಹೋಗುತ್ತದೆ, ಅಪ್ಪನನ್ನು ಬಿಟ್ಟು ಹೋಗಬೇಕಾಗುತ್ತದೆ, ಅದೂ ಅಪ್ಪನ ಹೆಸರಿನಲ್ಲೇ. ಇನ್ನೊಂದೂ ಹೋಗುತ್ತದೆ, ಅದನ್ನು ಮಾವನ ಮುಂದೆ ಹೇಳುವಂತಿರಲಿಲ್ಲ.

ಆ ಭಾನುವಾರ ತ್ರಿವಿಕ್ರಮ ಬಾಗಿಲಿಗೆ ಕಾಲಿಡುವಷ್ಟರಲ್ಲೇ ಅವಳು ಎಲ್ಲವನ್ನೂ ಹೇಳಿದಳು. "ಗುರುವಾರ ನೀವು ಬನ್ನಿ. ಓದಿದೋರು, ನಿಮ್ಮ ಮಾತು ಕೇಳ್ತಾರೆ. ಇವರ ಹೂಂಗೆ ಅರ್ಥ ಇಲ್ಲ ಅಂತ ಒಂದು ಮಾತು ಹೇಳಿ, ಸಾಕು."

ಅವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ. "ಅರ್ಥ ಇಲ್ಲ ಅಂತ ನಾನು ಹೇಳೋಕಾಗಲ್ಲ ಕೌಸಲ್ಯಾ ಅವರೇ. ಅವರಿಗೆ ಮಾತು ಅರ್ಥ ಆಗ್ತಿದೆ ಅನ್ನೋದು ನನ್ನ ಅಂದಾಜು. ಆಡೋಕಾಗ್ತಿಲ್ಲ ಅಷ್ಟೇ. ಅರ್ಥ ಆಗಲ್ಲ ಅಂದ್ರೆ ಅವರಿಗೆ ಅನ್ಯಾಯ."

"ಹಂಗಾದ್ರೆ ಒಪ್ಪಿದ್ದಾರೆ ಅಂತೀರಾ?"

"ಹಾಗೂ ಅನ್ನಲ್ಲ. ಇನ್ನೂ ಆರು ತಿಂಗಳು ನೋಡಿದ್ರೆ..."

"ನನಗೆ ಗುರುವಾರದವರೆಗೆ ಟೈಮ್ ಇರೋದು!"

"ಮತ್ತೆ, ನಾನು ಬಂದು ಹೇಳಿದ್ರೆ, ಅದು ಸಂಶೋಧನೆ ಮಾಡೋನು ಹೇಳಿದ ಮಾತಾಗಲ್ಲ." ಅವನ ಕಿವಿಗಳು ಕೆಂಪಾಗಿದ್ದವು. "ನನಗೂ ಆ ಮದುವೆ ಆಗೋದು ಬೇಡ. ಬೇಡ ಅನ್ನೋನು ಸಾಕ್ಷಿ ಹೇಳಬಾರದು."

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳ ಎದೆ ಹಿಗ್ಗುತ್ತಿತ್ತು. ಆ ದಿನ ಮೈಯೆಲ್ಲ ಉರಿಯಿತು. "ನಿಮ್ಮ ಜನ್ಮದಲ್ಲಿ ಒಂದು ಮಾತನ್ನ ನೆಟ್ಟಗೆ ಹೇಳಲ್ಲ ಅಲ್ವಾ ನೀವು? ಹೋಗ್ರೀ. ನಾನೇ ನೋಡ್ಕೋತೀನಿ."

ನೋಡಿಕೊಂಡಳು.

ಗುರುವಾರ ನಡುಮನೆಯಲ್ಲಿ ಚಾಪೆ ಹಾಸಿ, ದೊಡ್ಡಬಳ್ಳಾಪುರದವರನ್ನು ಕೂರಿಸಿ, ವೆಂಕಟರಾಮಯ್ಯನವರಿಗೆ ಜರಿ ಅಂಚಿನ ಶಲ್ಯ ಹೊದಿಸಿ ಕುರ್ಚಿಯಲ್ಲಿ ಕೂರಿಸಿದ್ದರು. ಸೇತುರಾಮ ತಾಂಬೂಲದ ತಟ್ಟೆ ಎತ್ತಿಕೊಂಡ. ಕೌಸಲ್ಯಾ ಮುಂದೆ ಬಂದಳು.

"ಒಂದು ನಿಮಿಷ ಮಾವ. ಅಪ್ಪಾ, ನಿಮ್ಮ ಮೀಸೆ ಬೋಳಿಸಿಬಿಡ್ಲಾ?"

"ಹೂಂ," ಎಂದರು ವೆಂಕಟರಾಮಯ್ಯ.

"ಈ ಮನೆ ಮಾರಿ, ಬೀದಿ ಕೊನೆಯ ಮೆಹಬೂಬ್ ಪಾಷಾ ಅವರ ಜಟಕಾ ಗಾಡಿ ಕೊಂಡ್ಕೊಳ್ಳೋಣ್ವಾ?"

"ಹೂಂ."

ಬಂದಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೇತುರಾಮನ ಮುಖ ಸಪ್ಪಗಾಯಿತು. ಕೌಸಲ್ಯಾಗೆ ಹುರುಪು ಬಂತು.

"ಸೇತು ಮಾವನ ಕತ್ತು ಹಿಡಿದು ಆಚೆ ತಳ್ಳಿಬಿಡ್ಲಾ ಅಪ್ಪಾ?"

"ಹೂಂ."

"ನೋಡಿದ್ರಾ?" ಎಂದು ಅವಳು ತಿರುಗಿದಳು. "ಈ ಹೂಂ ನಂಬ್ಕೊಂಡು ನೀವೆಲ್ಲ ಬಂದಿರೋದು."

ಗಂಡಿನ ಅಪ್ಪ ಗಟ್ಟಿಯಾಗಿ ನಕ್ಕು, ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು, "ಹುಡುಗಿ ಬಾಯಿ ಜೋರಿದೆ, ನಮಗೆ ಆಗಿಬರಲ್ಲ," ಎಂದು ಎದ್ದ. ತಂದ ಹಣ್ಣು ಹೂವಿನ ಸಮೇತ ಎಲ್ಲರೂ ಹೊರಟುಹೋದರು. ಹಿಂದೆಯೇ ಸೇತುರಾಮ ಕ್ಷಮಾಪಣೆ ಕೇಳುತ್ತ ಓಡಿದ. ಗೆದ್ದೆ ಎಂದು ಕೌಸಲ್ಯಾ ಅಪ್ಪನ ಕಡೆ ನೋಡಿದಳು.

ವೆಂಕಟರಾಮಯ್ಯನವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಬಲಗೈ ಎತ್ತಹೋದರು, ಅದು ಏಳಲಿಲ್ಲ. ಎಡಗೈಯಿಂದ ಶಲ್ಯವನ್ನು ಮುಖದ ಮೇಲೆ ಎಳೆದುಕೊಂಡರು.

ಒಂದೊಂದು ಮಾತೂ ಅವರಿಗೆ ಅರ್ಥವಾಗಿತ್ತು. ನಾಲ್ಕು ಜನರ ಮುಂದೆ ಮಗಳು ತನ್ನನ್ನು ಆಡಿಸುತ್ತಿದ್ದಾಳೆ ಎಂಬುದೂ, ಅವರು ನಗುತ್ತಿದ್ದಾರೆ ಎಂಬುದೂ. ಬಾಯಿಗೆ ಬರುವ ಒಂದೇ ಶಬ್ದ ಅದಾಗಿದ್ದರಿಂದ ಅದನ್ನೇ ಅಂದಿದ್ದರು. ತ್ರಿವಿಕ್ರಮ ಹೇಳಿದ್ದು ಇದನ್ನೇ ಅಲ್ಲವೇ, ಅರ್ಥ ಆಗಲ್ಲ ಅಂದ್ರೆ ಅವರಿಗೆ ಅನ್ಯಾಯ ಎಂದು? ಕೌಸಲ್ಯಾ ಕುರ್ಚಿಯ ಪಕ್ಕ ಕುಸಿದು ಕುಳಿತು, "ಅಪ್ಪಾ, ತಪ್ಪಾಯ್ತು," ಎಂದಳು. ಶಲ್ಯದ ಒಳಗಿನಿಂದ ಯಾವ ಹೂಂ ಕೂಡ ಬರಲಿಲ್ಲ.

ಮರುದಿನವೂ ಬರಲಿಲ್ಲ. ಪೇಪರ್ ಓದಿ ಹೇಳಿದರೆ ಗೋಡೆಗೆ ತಿರುಗಿ ಮಲಗಿದರು. ಅನ್ನ ಅರ್ಧಕ್ಕೇ ಬಿಟ್ಟರು. ಕೋಲು ಮೂಲೆ ಸೇರಿತು. ಎಕ್ಸ್‌ಚೇಂಜಿನಲ್ಲಿ ಗಿರಾಕಿಗಳು ಹೂಂ ಎಂದಾಗಲೆಲ್ಲ ಕೌಸಲ್ಯಾಗೆ ಅಳು ಒತ್ತಿ ಬರುತ್ತಿತ್ತು. ಆ ಮಂಗಳವಾರ ದೀಪ ಹತ್ತಿದ್ದು ನೋಡಿ ತಾನಾಗಿಯೇ, "ಬನ್ರೀ ಒಂದ್ಸಲ, ದಯವಿಟ್ಟು," ಎಂದಳು. ಆ ಕಡೆಯಿಂದ ಯಾರೋ ಅಕ್ಕಿ ಗಿರಣಿಯವರು, "ಎಲ್ಲಿಗಮ್ಮಾ?" ಎಂದರು.

ಭಾನುವಾರ ತ್ರಿವಿಕ್ರಮ ಬಂದ. ಚೀಲವಿರಲಿಲ್ಲ, ಕಾಗದವಿರಲಿಲ್ಲ. ಅವಳು ಬಾಗಿಲಲ್ಲೇ ನಡೆದದ್ದನ್ನೆಲ್ಲ ಹೇಳಿ, "ಬೈಯಿರಿ," ಎಂದಳು. ಅವನು ಬೈಯಲಿಲ್ಲ. "ಕಥೆ ಹೇಳಿ ನೋಡ್ಲಾ?" ಎಂದ.

"ನಿಮಗೆ ಕಥೆ ಹೇಳೋಕೆ ಬರುತ್ತಾ?"

"ನೀವು ಹೇಳಿದ್ದು ಒಂದು ಗೊತ್ತಲ್ಲ."

ಮಂಚದ ಪಕ್ಕದ ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು, ಸಾಕ್ಷಿ ಹೇಳುವವನ ಹಾಗೆ ಶುರುಮಾಡಿದ. "ಹೆಬ್ಬಾಳದ ಕೆರೆಯಲ್ಲಿ ಒಂದು ಆಮೆ ಇತ್ತು." ಗೋಡೆಯ ಕಡೆ ತಿರುಗಿದ್ದ ಬೆನ್ನು ಅಲುಗಲಿಲ್ಲ. ಕೌಸಲ್ಯಾ ಹಣೆ ಚಚ್ಚಿಕೊಂಡಳು. "ಆ ಆಮೆಗೆ ಬಹಳ ಕಿವಿನೋವು. ಅದಕ್ಕೆ ಅದು ಏನು ಮಾಡ್ತು ಅಂದ್ರೆ, ಹೋಳಿಗೆ... ಅಲ್ಲ, ಕಿವಿಗೆ ಹೋಳಿಗೆ ಯಾಕೆ? ಇರಲಿ. ಅದು ಯಶವಂತಪುರಕ್ಕೆ ಹೊರಡ್ತು."

"ಊಹೂಂ."

ಯಾರಂದದ್ದು ಎಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಯಶವಂತಪುರಕ್ಕೆ ಬಸ್ಸಲ್ಲಿ..." ಎಂದ ತ್ರಿವಿಕ್ರಮ ಮೆಲ್ಲಗೆ.

"ಊಹೂಂ!" ವೆಂಕಟರಾಮಯ್ಯನವರು ಕಷ್ಟಪಟ್ಟು ಈ ಕಡೆ ಹೊರಳಿದರು. ಮುಖ ಕೆಂಪಾಗಿತ್ತು. ತಾವು ಕಟ್ಟಿದ ಕಥೆಯನ್ನು ಯಾರೋ ತಮ್ಮ ಕಣ್ಣೆದುರೇ ಹಾಳುಮಾಡುತ್ತಿದ್ದರೆ ಯಾರಿಗೆ ತಾನೇ ಸಹನೆ ಇರುತ್ತದೆ?

"ರಾಜಾನುಕುಂಟೇಗಾ ಅಪ್ಪಾ?" ಎಂದಳು ಕೌಸಲ್ಯಾ.

"ಹೂಂ."

"ಆಮೆನಾ?"

"ಊಹೂಂ."

"ಮೊಸಳೆ?"

"ಹೂಂ," ಎಂದರು, ಅಷ್ಟೂ ಗೊತ್ತಿಲ್ಲವೇ ಎಂಬಂತೆ.

ಬೇಡ ಎನ್ನಲು ಬಂದ ಮೇಲೆ ಬೇಕು ಎಂದದ್ದಕ್ಕೂ ಬೆಲೆ ಬಂತು. ಕೌಸಲ್ಯಾ ಮಂಚದ ಅಂಚಿಗೆ ಬಂದು ಅಪ್ಪನ ಸೋತ ಬಲಗೈ ಹಿಡಿದುಕೊಂಡಳು. "ನನ್ನ ಮೇಲೆ ಕೋಪಾನಾ ಅಪ್ಪಾ?"

"ಹೂಂ."

ಬೈಸಿಕೊಂಡು ಅಷ್ಟು ಸಂತೋಷಪಟ್ಟವರು ಯಲಹಂಕದಲ್ಲಿ ಬೇರೆ ಯಾರೂ ಇರಲಾರರು. ಅವಳು ಕಣ್ಣು ಒರೆಸಿಕೊಂಡು ಕೇಳಿದಳು: "ಈಗಲೂನಾ?"

ವೆಂಕಟರಾಮಯ್ಯನವರು ಬೇಕೆಂದೇ ಸ್ವಲ್ಪ ಹೊತ್ತು ಸತಾಯಿಸಿದರು. ಆಮೇಲೆ, "ಊಹೂಂ," ಎಂದರು.

ಹಿತ್ತಲ ಕಟ್ಟೆಯ ಮೇಲೆ ಕೈತೊಳೆಯುತ್ತಿದ್ದ ತ್ರಿವಿಕ್ರಮನನ್ನು ಅವಳು ಹಿಡಿದು ನಿಲ್ಲಿಸಿದಳು. "ಬೇಕಂತಾನೇ ತಪ್ಪು ಹೇಳಿದ್ರಾ?"

"ಇಲ್ಲ. ನಿಜವಾಗ್ಲೂ ಮರ್ತೋಗಿತ್ತು. ನೀವು ಹೇಳ್ತಿದ್ದಾಗ ಕಥೆ ಕಡೆ ಗಮನ ಇರಲಿಲ್ಲ."

"ಮತ್ತೆಲ್ಲಿತ್ತು ಗಮನ?"

ಅವನು ಅವಳ ಕಿವಿಯ ಓಲೆಯನ್ನು ನೋಡಿ, ತಕ್ಷಣ ಕಣ್ಣು ಹೊರಳಿಸಿ ಹಿತ್ತಲ ಬಾವಿಯನ್ನು ನೋಡಿದ.

"ಅಪ್ಪ ಮೊದಲನೇ ಸಲ ಊಹೂಂ ಅಂದಿದ್ದಾರೆ. ಬರ್ಕೊಳ್ಳಲ್ವಾ? ಥೀಸಿಸ್‌ಗೆ ಎಷ್ಟು ಒಳ್ಳೇದು!"

"ಅದು ಥೀಸಿಸ್‌ನಲ್ಲಿ ಬರಲ್ಲ. ಶುಕ್ರವಾರ ನಿಮ್ಮ ತಂದೆಯವರ ಹೆಸರು ಸ್ಟಡಿಯಿಂದ ತೆಗೆಸಿದೆ. ಪ್ರೊಫೆಸರ್ ಬೈದ್ರು. ಇನ್ನೊಬ್ಬರನ್ನ ಹುಡುಕಿ ಮೊದಲಿಂದ ಶುರು ಮಾಡಬೇಕು."

"ಹುಚ್ಚಾ ನಿಮಗೆ? ಯಾಕೆ?"

"ನಾನು ಈ ಮನೆಗೆ ಪರೀಕ್ಷೆ ಮಾಡೋಕೆ ಬರೋದು ನಿಲ್ಲಿಸಿ ಬಹಳ ದಿನ ಆಯ್ತು ಕೌಸಲ್ಯಾ. ಯಾರಿಗೋಸ್ಕರ ಬರ್ತಿದೀನಿ ಅಂತ ನನಗೆ ಗೊತ್ತು. ಹಾಗಿದ್ದು ನಾನು ಬರ್ಕೊಂಡ್ರೆ ಅದು ಸುಳ್ಳಾಗುತ್ತೆ."

ಒಂದು ಮಾತನ್ನು ಅವನು ನೆಟ್ಟಗೆ ಹೇಳಿದ್ದು ಅದೇ ಮೊದಲು.  ದಿನವಿಡೀ ನೂರು ಜನರಿಗೆ ಲೈನ್ ಕೊಡುವವಳ ಬಾಯಿ ಒಣಗಿತ್ತು. ಕಾಫಿ ತರುತ್ತೇನೆ ಎಂದು ಒಳಗೆ ಓಡಿದಳು.

ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಅವನು ಒಳಕೋಣೆಯಲ್ಲಿ, ಅದೇ ಸ್ಟೂಲಿನ ಮೇಲೆ, ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ಕುಳಿತಿದ್ದ.

"ನಿಮ್ಮ ಮಗಳನ್ನ ನನಗೆ ಕೊಟ್ಟು ಮದುವೆ ಮಾಡ್ತೀರಾ? ಅವರ ಕೆಲಸ ಅವರು ಬಿಡೋದು ಬೇಡ. ನೀವೂ ನಮ್ಮ ಜೊತೆಗೇ ಇರಬೇಕು. ಒಪ್ಪಿಗೇನಾ?"

"ಊಹೂಂ," ಎಂದರು ವೆಂಕಟರಾಮಯ್ಯ.

ತ್ರಿವಿಕ್ರಮನ ಮುಖ ಬಿಳಿಚಿಕೊಂಡಿತು. ಬಾಗಿಲಲ್ಲಿ ಕಾಫಿ ತುಳುಕಿ ಕೌಸಲ್ಯಾಳ ಕೈ ಸುಟ್ಟಿತು. ಇಷ್ಟು ತಿಂಗಳು ಹೂಂ ಹೂಂ ಎಂದು ಎಲ್ಲರ ತಲೆ ಕೆಡಿಸಿ, ಬೇಕಾದ ಹೊತ್ತಿಗೆ ಊಹೂಂ ಎಂದರೆ ಮನುಷ್ಯರು ಬದುಕುವುದು ಹೇಗೆ?

"ಊಹೂಂ," ಎಂದು ವೆಂಕಟರಾಮಯ್ಯನವರು ಇನ್ನೊಮ್ಮೆ ತಲೆಯಾಡಿಸಿ, ಎಡಗೈ ಎತ್ತಿ ತಮ್ಮ ಎದೆ ಮುಟ್ಟಿಕೊಂಡರು. ಮತ್ತೆ ಬೇಡವೆಂಬಂತೆ ಅದೇ ಕೈ ಆಡಿಸಿದರು. ಆಮೇಲೆ ನಿಧಾನವಾಗಿ, ಬಾಗಿಲಲ್ಲಿ ನಿಂತ ಮಗಳ ಕಡೆ ಬೆರಳು ತೋರಿಸಿದರು.

ನನ್ನನ್ನಲ್ಲ. ಅವಳನ್ನು ಕೇಳು.

ಗುರುವಾರ ಚಾಪೆ ಹಾಸಿ ಕುಳಿತ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯದ ಮಾತು. ಕೌಸಲ್ಯಾಗೆ ಅಪ್ಪನ ಕಾಲು ಹಿಡಿದು ಅಳಬೇಕೆನಿಸಿತು.

ತ್ರಿವಿಕ್ರಮ ಎದ್ದು ನಿಂತು ಅವಳ ಕಡೆ ತಿರುಗಿದ. ತಲೆಯ ಹಿಂದಿನ ಆ ಕೂದಲು ಇವತ್ತೂ ಎದ್ದು ನಿಂತಿತ್ತು. "ಕೌಸಲ್ಯಾ, ನನ್ನ ಮದುವೆ ಆಗ್ತೀರಾ?"

ಅವಳು ತಲೆ ತಗ್ಗಿಸಿ, "ಹೂಂ," ಎಂದಳು.

ಬೇರೆ ಯಾವ ಗಂಡಸಾದರೂ ಅಲ್ಲಿಗೆ ಸುಮ್ಮನಾಗುತ್ತಿದ್ದ. ಇವನು ಕನ್ನಡಕ ಸರಿಪಡಿಸಿಕೊಂಡು ಕೇಳಿದ: "ಇದು ಯಾವ ಹೂಂ? ಕೇಳಿಸ್ಕೊಂಡೆ ಅನ್ನೋದಾ, ಇಲ್ಲಾ..."

"ಅಯ್ಯೋ ದೇವರೇ!" ಕೌಸಲ್ಯಾ ಲೋಟವನ್ನು ಕಿಟಕಿಯ ಮೇಲೆ ಕುಕ್ಕಿದಳು. "ನೂರರಿಂದ ಏಳೇಳು ಕಳೀತಾ ಹೋಗ್ರೀ. ಮುಗಿಯೋಷ್ಟರಲ್ಲಿ ತಾನಾಗೇ ಗೊತ್ತಾಗುತ್ತೆ."

ಅವನು ವಿಧೇಯನಾಗಿ ಶುರುಮಾಡಿದ. "ತೊಂಬತ್ತಮೂರು. ಎಂಬತ್ತಾರು." ಅವಳು ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು, ಕಣ್ಣು ತಪ್ಪಿಸಲಿಲ್ಲ. "ಎಪ್ಪತ್ತ... ಎಪ್ಪತ್ತೆಂಟು."

"ಊಹೂಂ!" ಎಂದರು ಮಂಚದ ಮೇಲಿಂದ ವೆಂಕಟರಾಮಯ್ಯ.

"ಎಪ್ಪತ್ತೊಂಬತ್ತು," ಎಂದಳು ಕೌಸಲ್ಯಾ, ಅಳುತ್ತಲೂ ನಗುತ್ತಲೂ. "ಒಪ್ಪಿಗೆಯ ಹೂಂ ಕಣ್ರೀ ಅದು. ಇನ್ನಾದ್ರೂ ಬಾಯಿ ಮುಚ್ಕೊಂಡು ಕಾಫಿ ಕುಡೀರಿ."